ಕತ್ತಿನವರೆಗೆ ಮಣ್ಣು

ಜೂನ್ 20

ಅತ್ತೆ,

ನಾನೂ ಮಗುವೂ ಬದುಕಿದ್ದೇವೆ. ಕಾಗದದಲ್ಲಿ ಮೊದಲು ಇದನ್ನೇ ಬರೆ, ಉಳಿದ ಪುರಾಣ ಆಮೇಲೆ ಎಂದು ಹಿತ್ತಲ ಬಾಗಿಲಲ್ಲಿ ನನ್ನನ್ನು ಹೊರಗೆ ದಬ್ಬುವಾಗ ಹೇಳಿದ್ದಿರಿ. ಊರಿನ ಹೆಸರು ಬರೆಯಬೇಡ ಎಂದೂ ಹೇಳಿದ್ದಿರಿ. ಬರೆಯುವುದಿಲ್ಲ. ಈ ಕಾಗದ ನಿಮ್ಮ ಗೆಳತಿ ಕಂಡಕ್ಟರಮ್ಮನ ಕೈಯಿಂದಲೇ ಬರುತ್ತದೆ. ಅವತ್ತು ನಮ್ಮಿಬ್ಬರನ್ನೂ ಬಸ್ಸಿನ ಕೊನೇ ಸೀಟಿನಲ್ಲಿ ಮಲಗಿಸಿ, ಮೇಲೆ ತನ್ನ ಖಾಕಿ ಕೋಟು ಹೊದಿಸಿ, ಕೇಳಿದವರಿಗೆಲ್ಲ ಮೂಟೆ ಎಂದು ಹೇಳಿಕೊಂಡು ಬಂದಳು.

ನಿಮ್ಮ ಮಗ ಬಾಗಿಲ ಸಂದಿಗಿಟ್ಟು ಮುರಿದ ಬೆರಳು ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗೆ. ತುಟಿಯ ಹೊಲಿಗೆ ಬಿಚ್ಚಿದರು. ನಿಮ್ಮ ಮೊಮ್ಮಗಳು ಮೆಣಸಿನಕಾಳು ಈಗ ಬಾಗಿಲು ಬಡಿದರೆ ಮಂಚದ ಕೆಳಗೆ ಓಡುವುದಿಲ್ಲ. ಅರ್ಧ ದಾರಿಯಲ್ಲಿ ನಿಂತು, ಓಡಲೋ ಬೇಡವೋ ಎಂದು ನನ್ನ ಮುಖ ನೋಡುತ್ತಾಳೆ.

ಒಂದು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡಿದ್ದೇನೆ ಅತ್ತೆ. ಇದು ತರಕಾರಿ ತೋಟ. ದೊಡ್ಡ ದೊಡ್ಡ ಹೋಟೆಲುಗಳ ಅಡುಗೆಮನೆಗೆ ಇಲ್ಲಿಂದ ಮಾಲು ಹೋಗುತ್ತದೆ. ಯಜಮಾನಿ ಕೆಲಸ ಬಾರದವರನ್ನು ಇಟ್ಟುಕೊಳ್ಳುವುದಿಲ್ಲ. ನೀವು ಸೆರಗಿಗೆ ಕಟ್ಟಿ ಕಳಿಸಿದ ಎರಡು ಬೀಜದ ಗಂಟು, ಈರುಳ್ಳಿಯದು ಮತ್ತು ಅದರದೇ ಜಾತಿಯ ಲೀಕ್‌ನದು, ಅವನ್ನು ತೋರಿಸಿ, ಅತ್ತೆಯ ಜೊತೆ ಇದನ್ನೇ ಬೆಳೆಯುತ್ತಿದ್ದೆ ಎಂದುಬಿಟ್ಟೆ. ನಿಮ್ಮ ತರಕಾರಿ ಮಡಿಗೆ ನೀರು ಹೊತ್ತದ್ದು ಬಿಟ್ಟರೆ ನನಗೇನು ಗೊತ್ತು. ಸಾಮಾನಿನ ಶೆಡ್ಡಿನ ಪಕ್ಕದಲ್ಲೊಂದು ಕೋಣೆ ಕೊಟ್ಟಿದ್ದಾರೆ. ಅದಕ್ಕೆ ಒಳಗಿನಿಂದ ಚಿಲಕ ಇದೆ. ಈ ಬೆಳೆ ಕೈಗೆ ಬಂದರೆ ಕೋಣೆ ನಿನ್ನದು, ಇಲ್ಲದಿದ್ದರೆ ಖಾಲಿ ಮಾಡು ಎಂದು ಯಜಮಾನಿ ಮುಖಕ್ಕೇ ಹೇಳಿದ್ದಾರೆ. ಆ ಚಿಲಕ ಬಿಟ್ಟು ನಾನೆಲ್ಲಿಗೆ ಹೋಗಲಿ?

ಬೀಜವನ್ನು ಬೆರಳುದ್ದ ಆಳಕ್ಕೆ ಹಾಕಿದೆ, ಏನೂ ಬರಲಿಲ್ಲ. ಹೆದರಿ ಇನ್ನೊಂದು ಟ್ರೇಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಚೆಲ್ಲಿದೆ, ಹುಲ್ಲಿನಂತೆ ಒತ್ತಾಗಿ ಬಂತು. ಅವೂ ತಲೆ ಬಗ್ಗಿಸಿಕೊಂಡು ಹೇರ್‌ಪಿನ್ನಿನ ಹಾಗೆ ಬಂದವು. ರೋಗವೆಂದುಕೊಂಡು ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ ನೆಟ್ಟಗೆ ಮಾಡಿದೆ. ಮಾಡಿದ್ದೆಲ್ಲ ಸತ್ತವು. ಏನು ಮಾಡಲಿ, ಬೇಗ ತಿಳಿಸಿ.

ನಿಮ್ಮ ಸೊಸೆ


ಜೂನ್ 28

ಏ ಪೆದ್ದಿ,

ಕಾಗದ ಓದಿ ಒಲೆಗೆ ಹಾಕಿದೆ. ನೀನೂ ನನ್ನ ಕಾಗದಗಳನ್ನು ಹಾಗೆಯೇ ಮಾಡು. ಉತ್ತರವನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಕ್ಕರೆ ಡಬ್ಬದ ಹಿಂದೆ ಇಡುತ್ತೇನೆ, ಕಂಡಕ್ಟರಮ್ಮ ಟೀ ಕುಡಿಯುವ ನೆಪದಲ್ಲಿ ಎತ್ತಿಕೊಳ್ಳುತ್ತಾಳೆ. ಊರಿನ ಹೆಸರನ್ನು ಅಪ್ಪಿತಪ್ಪಿಯೂ ನನಗೆ ಹೇಳಬೇಡ. ನಾನು ಗಟ್ಟಿಗಿತ್ತಿ, ಒಪ್ಪಿದೆ. ಆದರೆ ಮೈ ಮೈಯೇ. ಗೊತ್ತಿರುವುದನ್ನು ಹೊಡೆದು ಹೊರಡಿಸಬಹುದು, ಗೊತ್ತಿಲ್ಲದ್ದನ್ನು ಯಾರೂ ಹೊರಡಿಸಲಾರರು.

ನೀನು ಹೋದ ದಿನ ಅವನು ಗ್ಯಾರೇಜಿನಿಂದ ಬಂದು, ಮನೆ ಖಾಲಿ ಇರುವುದು ಕಂಡು, ಮೊದಲು ಪಾತ್ರೆಯ ಸ್ಟ್ಯಾಂಡನ್ನು ಕೆಡವಿದ. ಆಮೇಲೆ ಕನ್ನಡಿ, ಆಮೇಲೆ ಮಗುವಿನ ಮೂರು ಚಕ್ರದ ಸೈಕಲ್ಲು, ಆಮೇಲೆ ನಾನು. ಎಡಗಿವಿಯ ಮೇಲೆ ಬಿಟ್ಟ ಏಟಿಗೆ ಕಿವಿಯೊಳಗೆ ಹಿಟ್ಟಿನ ಗಿರಣಿ ಓಡಿದ ಹಾಗಾಯಿತು. ಈಗ ಗಿರಣಿಯೂ ನಿಂತಿದೆ, ಆ ಕಡೆ ಏನೂ ಕೇಳಿಸುವುದಿಲ್ಲ. ಅವನು ಬೈಯುವಾಗ ಎಡಗಿವಿಯನ್ನು ಅವನ ಕಡೆ ತಿರುಗಿಸಿ ಕೂರುತ್ತೇನೆ, ಪರಮ ಸುಖ. ನೀನು ಅಳುತ್ತಾ ಕೂರಬೇಡ, ಕೆಲಸ ಕೇಳು.

ಈರುಳ್ಳಿ ಬೀಜ ಎಳ್ಳಿನಷ್ಟು ಸಣ್ಣದು. ಅದನ್ನು ಬಾವಿಗೆ ಇಳಿಸಿದರೆ ಹೇಗೆ ಹತ್ತಿ ಬರುತ್ತದೆ? ಉಗುರು ಮುಚ್ಚುವಷ್ಟು ಮಣ್ಣು ಸಾಕು. ಗಂಟಿನಲ್ಲಿ ಇನ್ನೂ ಬೀಜ ಉಳಿದಿರಬೇಕು, ಆ ಟ್ರೇಗೆ ಮತ್ತೆ ಹಾಕು. ಒತ್ತಾಗಿ ಬಂದದ್ದನ್ನು ಕೀಳಬೇಡ, ಒಂದು ಕಿತ್ತರೆ ಪಕ್ಕದ ನಾಲ್ಕರ ಬೇರು ಹರಿಯುತ್ತದೆ. ಸ್ವಲ್ಪ ದೊಡ್ಡದಾಗಲಿ. ಆಮೇಲೆ ಇಡೀ ಹೆಂಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಅಲುಗಿಸು, ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಎಲೆ ಉದ್ದವಾಗಿ ಜೋತುಬಿದ್ದರೆ ಕತ್ತರಿಯಿಂದ ತುದಿ ಕತ್ತರಿಸು. ಪಾಪ ಎನ್ನಬೇಡ, ತಲೆ ಕತ್ತರಿಸಿದಷ್ಟೂ ಬುಡ ದಪ್ಪವಾಗುತ್ತದೆ.

ಇನ್ನು ಆ ಬಗ್ಗಿದ ಸಸಿ. ಈರುಳ್ಳಿ ಹುಟ್ಟುವುದೇ ಹಾಗೆ, ತಲೆ ಬಗ್ಗಿಸಿಕೊಂಡು. ಅದನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಕಾಲ ಬಂದಾಗ ತಾನೇ ತಲೆ ಎತ್ತುತ್ತದೆ.

ನಿನ್ನ ಅತ್ತೆ


ಆಗಸ್ಟ್ 14

ಅತ್ತೆ,

ಬಕೆಟ್ಟಿನ ಉಪಾಯ ಫಲಿಸಿತು. ಸಸಿಗಳು ನೀರಿನಲ್ಲಿ ಜಡೆ ಬಿಚ್ಚಿದ ಹಾಗೆ ಬಿಟ್ಟುಕೊಂಡವು. ಎರಡನೇ ಸಲ ಹಾಕಿದ ಬೀಜವೂ ಬಂತು. ಪೆನ್ಸಿಲ್ ದಪ್ಪ ಆದಮೇಲೆ ಎಲ್ಲವನ್ನೂ ಮಡಿಗೆ ನಾಟಿ ಮಾಡಿ, ಸೊಂಟ ಹಿಡಿದುಕೊಂಡು ನಿಂತು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಜಮಾನಿ ಬಂದು ನೋಡಿ, ಸಸಿ ತಂದಿದ್ದ ಬುಟ್ಟಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಈರುಳ್ಳಿ, ಲೀಕ್ ಎರಡರ ಸಸಿಯೂ ಒಂದೇ ತರ ಕಾಣುತ್ತವಲ್ಲ ಅತ್ತೆ, ಬಕೆಟ್ಟಿನಿಂದ ತೆಗೆಯುವಾಗ ಕಲೆತುಹೋಗಿವೆ. ನಾನು ಎಲ್ಲವನ್ನೂ ಒಂದೇ ಸಮನೆ ಆಳದ ಗುಣಿಯಲ್ಲಿ, ಮುಕ್ಕಾಲು ಪಾಲು ಹೂತು ನೆಟ್ಟಿದ್ದೆ. ಯಜಮಾನಿಯ ಕೈ ಮೇಲೆ ಹೋಯಿತು, ಮಡಿಯ ತುದಿ ತೋರಿಸಲಿಕ್ಕೆ ಅಷ್ಟೆ. ನಾನು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕೂತುಬಿಟ್ಟೆ. ಅವರು ಬುಟ್ಟಿ ಎತ್ತಿಟ್ಟು ಹೋದರು. ನಾಚಿಕೆಯಾಯಿತು.

ಇನ್ನೊಂದು ವಿಷಯ. ಮೊನ್ನೆ ಶೆಡ್ಡಿನಲ್ಲಿದ್ದಾಗ ಬಾಗಿಲಲ್ಲಿ ಗಂಡಸಿನ ನೆರಳು ಬಿತ್ತು. ಅದೇ ಅಗಲದ ಭುಜ, ಅದೇ ಎಣ್ಣೆ ವಾಸನೆ. ಕೈಗೆ ಸಿಕ್ಕ ಗುದ್ದಲಿಯನ್ನು ಎತ್ತಿ ಬೀಸಿಯೇಬಿಟ್ಟೆ. ಅದು ಬಾಗಿಲ ಚೌಕಟ್ಟಿಗೆ ತಗುಲಿ ಕಚ್ಚಿಕೊಂಡಿತು, ಆ ಮನುಷ್ಯನ ಕಿವಿಗೂ ಅದಕ್ಕೂ ಎರಡು ಬೆರಳು ಸಂದಿ. ಕ್ರೇಟು ತುಂಬಿಕೊಳ್ಳಲು ಬಂದ ಲಾರಿ ಡ್ರೈವರ್ ಅವನು, ಪಾಪ. ಹೊಡೆಯುವಾಗ ನನಗೆ ಹೆದರಿಕೆಯೇ ಆಗಲಿಲ್ಲ. ತಪ್ಪಿತಲ್ಲ ಎಂದು ಒಂದು ಕ್ಷಣ ಬೇಸರವಾಯಿತು. ಹೆದರಿಕೆ ಆಮೇಲೆ ಬಂತು, ನನ್ನ ಬಗ್ಗೆಯೇ. ಇದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ.

ಮಡಿಯನ್ನು ಸರಿಮಾಡಲು ಸಾಧ್ಯವೇ, ಇಲ್ಲಾ ಗಂಟುಮೂಟೆ ಕಟ್ಟಲೇ?

ನಿಮ್ಮ ಸೊಸೆ


ಆಗಸ್ಟ್ 21

ಏ ಪೆದ್ದಿ,

ಗುದ್ದಲಿಯನ್ನು ಅಗಲಕ್ಕೆ ಬೀಸಬಾರದು, ಮೇಲಿನಿಂದ ಇಳಿಸಬೇಕು. ಅದು ಹಾಗಿರಲಿ. ಡ್ರೈವರ್‌ಗೆ ಒಂದು ಟೀ ಮಾಡಿಕೊಟ್ಟು ಕ್ಷಮೆ ಕೇಳು.

ಮಡಿ ಕೆಟ್ಟಿಲ್ಲ, ಗಂಟು ಕಟ್ಟಬೇಡ. ಆದರೆ ಈಗ ಹೇಳುವುದನ್ನು ಎದೆಯಲ್ಲಿ ಬರೆದುಕೋ. ಇದನ್ನು ಮರೆತವಳು ನನ್ನ ಸೊಸೆಯೇ ಅಲ್ಲ.

ಒಂದು ಎಲೆ ಹಿಡಿದು ಬೆರಳ ಮಧ್ಯೆ ಹೊರಳಿಸು. ದುಂಡಗೆ, ಒಳಗೆ ಟೊಳ್ಳಾಗಿ, ಕೊಳವೆಯಂತಿದ್ದರೆ ಈರುಳ್ಳಿ. ಚಪ್ಪಟೆಯಾಗಿ, ಮಡಿಸಿದ ರಿಬ್ಬನ್ನಿನಂತಿದ್ದರೆ ಲೀಕ್. ಕುರುಡರೂ ಕೈಯಿಂದ ಹೇಳಬಹುದು. ಲೀಕ್ ಗಡ್ಡೆ ಕಟ್ಟುವುದಿಲ್ಲ, ಅದರ ಬಿಳಿ ದಂಟನ್ನೇ ನಾವು ತಿನ್ನುವುದು. ಬಿಸಿಲು ತಾಗದಿದ್ದರೆ ದಂಟು ಬೆಳ್ಳಗಾಗುತ್ತದೆ, ಅದಕ್ಕೇ ಅದನ್ನು ಆಳದ ಗುಣಿಗೆ ಇಳಿಸಿ ಬೆಳೆಬೆಳೆದಂತೆ ಕತ್ತಿನವರೆಗೆ ಮಣ್ಣು ಏರಿಸುವುದು. ಈರುಳ್ಳಿ ಅದಕ್ಕೆ ಪೂರಾ ಉಲ್ಟಾ. ಅದು ಮಣ್ಣಿನ ಮೇಲೆ ಕೂರಬೇಕು, ಬೇರು ಮಾತ್ರ ಒಳಗೆ, ಭುಜ ಗಾಳಿಗೆ. ಕತ್ತಿನವರೆಗೆ ಹೂತರೆ ಗಡ್ಡೆ ಊದುವುದಿಲ್ಲ, ಕತ್ತು ಕೊಳೆತು ನಾರುತ್ತದೆ. ನಾನು ಈರುಳ್ಳಿಗೆ ಮಣ್ಣು ಏರಿಸುವುದೆಂದರೆ ನನ್ನ ತಲೆ ಕೆಟ್ಟಿರಬೇಕು, ಇಲ್ಲಾ ಯಾರಾದರೂ ನನ್ನ ಕುತ್ತಿಗೆ ಹಿಡಿದಿರಬೇಕು.

ಹಾಗಾಗಿ, ಒಂದೊಂದೇ ಎಲೆ ಮುಟ್ಟಿ ನೋಡುತ್ತಾ ಹೋಗು. ಈರುಳ್ಳಿಯ ಸುತ್ತ ಬೆರಳಿನಿಂದ ಮಣ್ಣು ಕೆದರಿ ಬುಡ ಬಿಡಿಸು. ಕಿತ್ತು ಮತ್ತೆ ನೆಡಬೇಡ. ಲೀಕ್ ಹಾಗೆಯೇ ಇರಲಿ, ಗುಣಿಗೆ ನೀರು ಹೊಯ್ಯಿ, ಮಣ್ಣು ತಾನೇ ಇಳಿದು ಕೂರುತ್ತದೆ.

ಇಲ್ಲಿ ಅವನು ನನ್ನ ಮಡಿಯನ್ನು ಬೂಟಿನಲ್ಲಿ ತುಳಿದು ಹಾಳುಮಾಡಿದ. ನಿನಗೆ ಬೀಜ ಕೊಟ್ಟು ಕಳಿಸಿದ್ದು ನಾನೇ ಎಂದು ಹೇಗೋ ಗೊತ್ತಾಗಿದೆ. ಸಾಲುಸಾಲಾಗಿ ತುಳಿದ, ನನ್ನನ್ನು ಕೂದಲು ಹಿಡಿದು ನಿಲ್ಲಿಸಿಕೊಂಡು ನೋಡಿಸಿದ. ಯಾವುದು ಈರುಳ್ಳಿ ಯಾವುದು ಬೆಳ್ಳುಳ್ಳಿ ಎಂದೂ ತಿಳಿಯದ ಮನುಷ್ಯ. ಅವನ ಪಾಲಿಗೆ ಈರುಳ್ಳಿ ಬೆಳೆಯುವುದು ಅಂಗಡಿಯ ಗೋಣಿಚೀಲದಲ್ಲಿ. ಆಮೇಲೆ ನನ್ನ ಗುಣಿ ಕೋಲನ್ನು, ಅದೇ, ಹಳೇ ಗುದ್ದಲಿಯ ಕಾವಿಗೆ ಕಬ್ಬಿಣದ ಮೊನೆ ಹಾಕಿಸಿದ್ದೆನಲ್ಲ, ಅದನ್ನು ಮೊಣಕಾಲಿಗಿಟ್ಟು ಮುರಿಯಲು ಹೋಗಿ ಮೊಣಕಾಲೇ ಊದಿಸಿಕೊಂಡ. ಎರಡು ದಿನ ಕುಂಟಿದ. ನಾನು ಬಿಸಿನೀರು ಕಾಸಿಕೊಟ್ಟೆ. ಹೆತ್ತ ಕರ್ಮ.

ನಿನ್ನ ಅತ್ತೆ


ಸೆಪ್ಟೆಂಬರ್ 30

ಅತ್ತೆ,

ನೀವು ಹೇಳಿದ ಹಾಗೆಯೇ ಎಲ್ಲ ಸರಿಮಾಡಿದೆ. ಈರುಳ್ಳಿ ಮುಷ್ಟಿ ಗಾತ್ರ ಆಗುತ್ತಿದೆ, ಲೀಕ್ ನನ್ನ ಮೊಣಕಾಲಿಗೆ ಬಂದಿದೆ. ಯಜಮಾನಿ ಮಡಿಯ ಸುತ್ತ ಒಂದು ಸುತ್ತು ಬಂದು, ಕೋಣೆಗೆ ಹೊಸ ಬಲ್ಬು ಕಳಿಸಿಕೊಟ್ಟರು. ಅವರಿಗೆ ಎಲ್ಲ ಹೇಳಿದ್ದೇನೆ, ಬೆರಳು ಹೇಗೆ ಸೊಟ್ಟಗಾಯಿತು ಎನ್ನುವುದನ್ನೂ. ಅವರು ಕೆಲಸದ ನಡುವೆ ಒಂದೇ ಮಾತು ಕೇಳಿದರು, ‘ಮತ್ತೆ ಆ ಅತ್ತೆನ ಅಲ್ಲೇ ಬಿಟ್ಟು ಬಂದ್ಯಾ?’

ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿದಿದೆ. ನಿಮ್ಮನ್ನು ನೋಡಬೇಕು. ಅವನು ಊರಲ್ಲಿಲ್ಲದ ದಿನ ಯಾವುದಾದರೂ ಇದ್ದರೆ ಬರೆಯಿರಿ, ಮಗುವನ್ನು ಕರೆದುಕೊಂಡು ಒಂದು ಗಳಿಗೆ ಬಂದು ಹೋಗುತ್ತೇನೆ. ಮೆಣಸಿನಕಾಳು ಕಾಗದಕ್ಕೆ ತನ್ನ ಕೈಯನ್ನೂ ಹಾಕಬೇಕೆಂದು ಹಟ ಹಿಡಿದಳು. ಕೆಳಗಿರುವುದು ಅವಳ ಅಂಗೈ, ಮಡಿಯ ಕೆಸರಿನಲ್ಲಿ ಒತ್ತಿದ್ದು.

ನಿಮ್ಮ ಸೊಸೆ


ಅಕ್ಟೋಬರ್ 19

ನನ್ನ ಮುದ್ದಿನ ಸೊಸೆಗೆ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವಾಗಿಲ್ಲ. ಹಾಸಿಗೆ ಹಿಡಿದಿದ್ದೇನೆ. ನೋಡಿಕೊಳ್ಳುವವರು ಯಾರೂ ಇಲ್ಲ. ನನ್ನ ಮಗ ಗ್ಯಾರೇಜಿನ ಕೆಲಸ ಬಿಟ್ಟು ದೂರದ ಊರಿಗೆ ಹೋಗಿದ್ದಾನೆ. ಇನ್ನು ಬರುವುದಿಲ್ಲವಂತೆ. ಹೋಗುವಾಗ ಬಹಳ ಅತ್ತ. ನೀನು ಹೆದರಬೇಕಾಗಿಲ್ಲ. ಮಗುವನ್ನು ಕರೆದುಕೊಂಡು ಕೂಡಲೇ ಬಾ. ಒಬ್ಬಳೇ ಬಾ, ನೆಂಟರಿಷ್ಟರ ಮುಂದೆ ನಮ್ಮ ಮನೆಯ ಮಾನ ಹೋಗುವುದು ಬೇಡ. ಯಾವ ದಿನ, ಯಾವ ಬಸ್ಸಿಗೆ ಎಂದು ತಿಳಿಸು.

ಈರುಳ್ಳಿಯ ವಿಷಯ ಕೇಳಿದ್ದೆ. ಗಡ್ಡೆ ಮುಷ್ಟಿ ಗಾತ್ರ ಆಗಿದೆ ಎಂದರೆ ಈಗ ತಡಮಾಡಬಾರದು. ಗಡ್ಡೆ ಕಾಣದಂತೆ ಕತ್ತಿನವರೆಗೆ ಚೆನ್ನಾಗಿ ಮಣ್ಣು ಏರಿಸು. ಕೊಳವೆಯಂಥ ದುಂಡನೆಯ ಎಲೆ ಇರುವ ಲೀಕ್‌ನ ಬುಡ ಬಿಡಿಸಿ ಗಾಳಿಗೆ ಇಡು. ನಾನು ಇಷ್ಟು ವರ್ಷ ಹಾಗೆಯೇ ಬೆಳೆದದ್ದು, ನಿನಗೇ ಗೊತ್ತಲ್ಲ.

ಇಂತಿ ನಿನ್ನ ಪ್ರೀತಿಯ ಅತ್ತೆ


ಅಕ್ಟೋಬರ್ 22

ಪ್ರೀತಿಯ ಅತ್ತೆಯವರಿಗೆ ನಿಮ್ಮ ಮುದ್ದಿನ ಸೊಸೆಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎದೆ ಧಸಕ್ಕೆಂದಿತು. ಅವರು ಊರು ಬಿಟ್ಟದ್ದು ಕೇಳಿ ನನಗೂ ಅಳು ಬಂತು. ಎಷ್ಟಾದರೂ ಕಟ್ಟಿಕೊಂಡ ಗಂಡ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಗುವಿನ ಜೊತೆ ಬರುತ್ತೇನೆ. ಯಾರಿಗೂ ಹೇಳುವುದಿಲ್ಲ.

ಈರುಳ್ಳಿಗೆ ನೀವು ಹೇಳಿದಂತೆ ಇವತ್ತೇ ಕತ್ತಿನವರೆಗೆ ಮಣ್ಣು ಏರಿಸಿದೆ. ನಿಮ್ಮ ಮಾತು ಒಂದಕ್ಷರವೂ ಬಿಡದೆ ಅರ್ಥವಾಗಿದೆ. ಇನ್ನೊಂದು ಉಪಕಾರ ಮಾಡಿ. ಇಲ್ಲಿ ಒಳ್ಳೆಯ ಗುಣಿ ಕೋಲು ಸಿಗುವುದಿಲ್ಲ, ಬಂದಾಗ ನಿಮ್ಮದನ್ನು ಒಯ್ಯುತ್ತೇನೆ. ಶನಿವಾರ ಅದನ್ನು ಬಾಗಿಲ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ ತೆಗೆದಿಟ್ಟಿರಿ. ಮರೆಯಬೇಡಿ.

ನಿಮ್ಮ ಮುದ್ದಿನ ಸೊಸೆ


ಅಕ್ಟೋಬರ್ 29

ಏ ಪೆದ್ದಿ,

ನಾನು ಬದುಕಿದ್ದೇನೆ. ಕಾಗದದಲ್ಲಿ ಮೊದಲು ಇದನ್ನೇ ಬರೆಯಬೇಕು ಎಂದು ನಾನೇ ಹೇಳಿದ್ದಲ್ಲವೇ.

ನಿನ್ನ ಯಜಮಾನಿ ಇಲ್ಲಿಂದ ವಾಪಸು ಬಂದು ಎಲ್ಲ ಹೇಳಿರುತ್ತಾರೆ. ಆದರೂ ನನ್ನ ಬಾಯಿಂದ ಕೇಳು, ಬೇರೆಯವರು ಹೇಳಿದರೆ ನಿನಗೆ ಅರ್ಧ ಸಮಾಧಾನ. ತಪ್ಪಾದದ್ದು ಆ ಅಂಗೈಯಿಂದ. ಉಳಿದ ಕಾಗದಗಳನ್ನೆಲ್ಲ ಒಲೆಗೆ ಹಾಕಿದೆ, ಮಗುವಿನ ಕೈಯನ್ನು ಹೇಗೆ ಹಾಕಲಿ? ದಿಂಬಿನ ಕೆಳಗಿಟ್ಟುಕೊಂಡೆ, ಅವನ ಕೈಗೆ ಸಿಕ್ಕಿತು. ಯಾವ ಊರು ಎಂದು ಕೇಳಿದ. ಸಂಜೆಯವರೆಗೂ ಕೇಳಿದ. ಕೇಳಿದ ಬಗೆಯನ್ನು ಬರೆಯುವುದಿಲ್ಲ, ಎರಡು ಹಲ್ಲು ಹೋದವು ಎಂದರೆ ಸಾಕು. ಗೊತ್ತಿಲ್ಲವೆಂದೆ, ನಿಜವನ್ನೇ ಹೇಳಿದೆ. ಒಯ್ಯುವವರು ಯಾರೆಂದೂ ಗೊತ್ತಿಲ್ಲ, ಟೀ ಅಂಗಡಿಯಲ್ಲಿ ಇಟ್ಟು ಬರುತ್ತೇನೆ ಎಂದೆ, ಅದರಲ್ಲಿ ಅರ್ಧ ಸುಳ್ಳು. ಅವನು ಹೋಗಿ ಕಾದ. ಅಲ್ಲಿಗೆ ಟೀ ಕುಡಿಯಲು ಬರುವ ಕಂಡಕ್ಟರುಗಳು ಒಬ್ಬರೇ ಇಬ್ಬರೇ? ಯಾರನ್ನೆಂದು ಹಿಡಿಯುತ್ತಾನೆ? ಕೊನೆಗೆ ಬಾ ಎಂದು ಬರೆಸಿದರೆ ನೀನೇ ಬರುತ್ತೀಯ ಎಂದು ಹೊಳೆಯಿತು. ನೀನೇ ಕೇಳಿದ್ದೆಯಲ್ಲ.

ನನ್ನ ಹಿಂದೆ ನಿಂತು, ಕುತ್ತಿಗೆ ಹಿಡಿದು, ಒಂದೊಂದು ಮಾತನ್ನೂ ಹೇಳಿ ಬರೆಸಿದ. ಮುದ್ದಿನ ಸೊಸೆ ಎಂದು ಬರೆಸಿದಾಗಲೇ ನಿನಗೆ ವಾಸನೆ ಹೊಡೆಯುತ್ತದೆ ಎಂದುಕೊಂಡೆ, ಆದರೂ ನೀನು ಪೆದ್ದಿ, ಪ್ರೀತಿ ಉಕ್ಕಿತೆಂದು ಹೊರಟೇಬಿಟ್ಟರೆ? ಅದಕ್ಕೆ ಅವನಿಗೆ ಹೇಳಿದೆ, ‘ಈರುಳ್ಳಿ ಮಾತಿಲ್ದೆ ಕಾಗದ ಹೋದ್ರೆ ಅವಳು ನಂಬಲ್ಲ ಕಣೋ.’ ಬರೆ ಎಂದ. ಬರೆದೆ. ಓದಿ, ತಲೆಯಾಡಿಸಿ, ನಾಲಿಗೆಯಿಂದ ಕವರಿಗೆ ಅಂಟು ಹಚ್ಚಿದ. ಸಕ್ಕರೆ ಡಬ್ಬದ ಹಿಂದೆ ತಾನೇ ಇಟ್ಟು ಬಂದ, ನಿನ್ನ ಉತ್ತರವನ್ನೂ ಅಲ್ಲಿಂದ ತಾನೇ ತಂದು ಓದಿದ. ನಮ್ಮ ಮನೆ ನಡೆದದ್ದು ಆ ಮಡಿಯಿಂದ, ಅವನ ಸ್ಕೂಲಿನ ಬಟ್ಟೆ ಬಂದದ್ದು ಅದರಿಂದ. ಒಂದು ದಿನವೂ ಅವನು ಅದರ ಕಡೆ ತಿರುಗಿ ನೋಡಿರಲಿಲ್ಲ.

ಶನಿವಾರ ಅವನು ಬಾಗಿಲ ಹಿಂದೆ ನಿಂತ. ಕೈಯಲ್ಲಿ ಲಾರಿಯ ಚಕ್ರ ಬಿಚ್ಚುವ ಸ್ಪ್ಯಾನರ್. ಮಗುವಿಗೆ ಏನೂ ಮಾಡುವುದಿಲ್ಲ, ಅವಳಿಗೆ ಮಾತ್ರ ಎಂದು ನನಗೆ ಸಮಾಧಾನ ಹೇಳಿದ. ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದ. ಗುಣಿ ಕೋಲು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಸೊಸೆ ಕೇಳಿದ್ದಾಳಲ್ಲ, ಇರಲಿ ಎಂದು ಅವನೇ ಇಟ್ಟಿದ್ದ.

ಬಾಗಿಲು ಬಡಿದ ಸದ್ದಾಯಿತು. ಅವನು ಮರೆಯಿಂದಲೇ ಬಾಗಿಲು ಎಳೆದು ತೆರೆದಾಗ ಮೊದಲು ಒಳಗೆ ಬಂದದ್ದು ತಲೆಗೆ ಶಾಲು ಹೊದ್ದ ಹೆಂಗಸು. ನಿನ್ನ ಯಜಮಾನಿ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನೇ ಎಂದುಕೊಂಡೆ. ನನ್ನ ಕಾಗದವನ್ನು ಓದಿಯೂ ಬಂದುಬಿಟ್ಟಳಲ್ಲ ಈ ಮುಂಡೇದು ಎಂದು ಕುರ್ಚಿಯಿಂದ ಎದ್ದೆ. ಅವನು ಸ್ಪ್ಯಾನರ್ ಎತ್ತಿದ. ಅದು ಮೇಲೆ ಹೋದದ್ದು ಕಂಡಿತು, ಇಳಿಯುವುದನ್ನು ನಾನು ಕಾಯಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ತೋಳಿನ ಮೇಲೆ ಇಳಿಸಿದೆ. ಮೇಲಿನಿಂದ. ನಿನಗೆ ಹೇಳಿಕೊಟ್ಟ ಹಾಗೆಯೇ. ಅವನು ನನ್ನ ಬಲಗಡೆ ಇದ್ದ, ಮೂಳೆ ಮುರಿದ ಸದ್ದು ನೆಟ್ಟಗಿರುವ ಕಿವಿಗೆ ಬಿತ್ತು. ಎಡಗಡೆ ನಿಂತಿದ್ದರೆ ಕೇಳಿಸುತ್ತಲೇ ಇರಲಿಲ್ಲ.

ಅಮ್ಮಾ ಎಂದ, ಪೆದ್ದಿ. ಕೆಳಗೆ ಬಿದ್ದು, ಚಿಕ್ಕವನಿದ್ದಾಗ ಸೈಕಲ್ಲಿನಿಂದ ಬಿದ್ದು ಕರೆಯುತ್ತಿದ್ದನಲ್ಲ, ಅದೇ ದನಿಯಲ್ಲಿ. ನಾನು ಕೋಲನ್ನು ಮತ್ತೆ ಎತ್ತಿದೆ. ಇನ್ನೊಂದು ಏಟು ತಲೆಗೇ ಬೀಳುತ್ತಿತ್ತು. ಅಷ್ಟರಲ್ಲಿ ನಿನ್ನ ಯಜಮಾನಿ ಕರೆತಂದಿದ್ದ ಪೊಲೀಸರಿಬ್ಬರು ಹಿಂದಿನಿಂದ ಒಳಗೆ ನುಗ್ಗಿ ಒಬ್ಬರು ಅವನನ್ನು ಹಿಡಿದರು, ಒಬ್ಬರು ನನ್ನನ್ನು. ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಸ್ಟೇಷನ್ನಿನಲ್ಲಿ ಕೇಳಿದರು. ಕೊಲ್ಲುತ್ತಿದ್ದೆ ಎಂದೆ. ಬರೆದುಕೊಳ್ಳಿ ಎಂದೆ. ಆಮೇಲೆ ಆ ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತೆ, ನನ್ನ ಮಗನಿಗಾಗಿಯೇ ಅತ್ತೆ. ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ.

ನನ್ನ ಬೆನ್ನನ್ನೂ ಬಾಯನ್ನೂ ಡಾಕ್ಟರಿಗೆ ತೋರಿಸಿ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿ ಸಹಿ ಹಾಕಿದ್ದೇನೆ. ನಿನ್ನ ಬೆರಳಿನ ವಿಷಯವೂ ಅದರಲ್ಲಿದೆ. ಅವನನ್ನು ಒಳಗೆ ಹಾಕಿದ್ದಾರೆ, ತೋಳಿಗೆ ಪಟ್ಟಿ ಕಟ್ಟಿ. ಇಷ್ಟರಲ್ಲಿ ಬಿಡುವುದಿಲ್ಲವಂತೆ.

ನೀನು ನಿಜಕ್ಕೂ ಈರುಳ್ಳಿಗೆ ಮಣ್ಣು ಏರಿಸಿಲ್ಲ ತಾನೆ? ಕೇಳಿದೆನೆಂದು ಸಿಟ್ಟಾಗಬೇಡ, ನಿನ್ನನ್ನು ನಂಬುವ ಹಾಗಿಲ್ಲ. ಎಲೆ ಹಳದಿಯಾಗಿ ಬಾಗಿದಾಗ ನೀರು ನಿಲ್ಲಿಸು, ಉಳಿದದ್ದನ್ನು ಎದುರಿಗೇ ಹೇಳುತ್ತೇನೆ. ಗುಣಿ ಕೋಲನ್ನು ಪೊಲೀಸರು ಸಾಕ್ಷಿಗೆಂದು ಒಯ್ದರು, ಕಳಿಸಲಾರೆ. ಟ್ರಂಕು ಕಟ್ಟಿ ಬಾಗಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ. ಕಂಡಕ್ಟರಮ್ಮ ಟಿಕೆಟ್ ಎಲ್ಲಿಗೆ ಕೊಡಲಿ ಎಂದು ನಕ್ಕಳು. ನಿನ್ನ ಬಾಯಿಂದಲೇ ಕೇಳಬೇಕೆಂದು ಅವಳನ್ನು ಸುಮ್ಮನಿರಿಸಿದ್ದೇನೆ.

ಇನ್ನು ಊರಿನ ಹೆಸರು ಬರೆ.

ನಿನ್ನ ಅತ್ತೆ